ಸಿಕ್ಯೂ ಕಾಂಟೆಸ್ಟ್, ವಿಜಯನಗರದಿಂದ

ಮನೆ ಮೇಲೆ, ಹವ್ಯಾಸಕ್ಕೆ ದೇಶವಿದೇಶದವರ ಜೊತೆ ಮಾತಾಡೋ ಹ್ಯಾಮ್ ರೇಡಿಯೋದ ಆಂಟೆನಾ ಕಟ್ಟಿಕೊಂಡವನು ನಗು ಹುಡುಕಿಕೊಂಡು ಬೇರೆಲ್ಲೂ ಹೋಗಬೇಕಾಗಿಲ್ಲ, ಅದಾಗೇ ಮೆಟ್ಟಿಲು ಹತ್ತಿಕೊಂಡು ಬರುತ್ತೆ. ನನಗಂತೂ ಇಂಥ ತಮಾಷೆಗಳು ಆಗುತ್ತಲೇ ಇದ್ದವು. ನಮ್ಮ ಭಾಗದ ಹ್ಯಾಮ್ ಕ್ಲಬ್ಬಿಗೆ ಕಾರ್ಯದರ್ಶಿ ಆದ ಮೇಲೆ ಇನ್ನೂ ಜಾಸ್ತಿಯಾದವು.

ಎರಡು ಸಾವಿರದ ಇಸವಿ ದಾಟಿ, ಎಲ್ಲರ ಕೈಗೂ ಮೊಬೈಲ್ ಬರುತ್ತಿದ್ದ ಕಾಲ. ನಾನು ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ರಜೆ ಬಂದರೆ ವಿಜಯನಗರದ ಮನೆಯಲ್ಲಿ ರೇಡಿಯೋ ಮುಂದೆ. ಕ್ಲಬ್ಬಿನಲ್ಲಿ ಲೈಸೆನ್ಸ್ ಇದ್ದವರಿಗೆ ಬರ ಇರಲಿಲ್ಲ, ಕಾಂಟೆಸ್ಟಿಗೆ ಕೂರುವವರಿಗೆ ಬರ. ಕಾಂಟೆಸ್ಟ್ ಅಂದರೆ ಇಷ್ಟೆ: ಶನಿವಾರ, ಭಾನುವಾರ ಪ್ರಪಂಚದ ಹ್ಯಾಮ್‌ಗಳೆಲ್ಲ ರೇಡಿಯೋ ಮುಂದೆ ಕೂತು, ಸಿಕ್ಯೂ ಸಿಕ್ಯೂ, ಅಂದರೆ ಯಾರಾದರೂ ಇದ್ದೀರಾ, ಅಂತ ಕೂಗಿ, ಯಾರು ಹೆಚ್ಚು ಜನರನ್ನ, ಹೆಚ್ಚು ದೇಶಗಳನ್ನ ಮಾತಾಡಿಸ್ತಾರೆ ಅಂತ ಪೈಪೋಟಿ ಮಾಡೋದು. ನಮ್ಮಲ್ಲಿ ಕೂರುತ್ತಿದ್ದವನು ನಾನೊಬ್ಬನೇ. ವಾರ್ಷಿಕ ಸಭೆಯಲ್ಲಿ ಅಧ್ಯಕ್ಷರು, ಈ ಸಲವೂ ಒಬ್ಬನೇ ಆದರೆ ಕ್ಲಬ್ಬಿನ ರೇಡಿಯೋ ಮಾರಿ ಕುರ್ಚಿ ತಗೊಳ್ಳೋಣ, ಕೂರೋಕಾದರೂ ಜನ ಬರ್ತಾರೆ ಅಂದರು. ನನಗೆ ರೋಷ ಬಂತು. ಮನೆಮನೆಗೆ ಹೋಗಿ ಜನ ಸೇರಿಸ್ತೀನಿ ಅಂತ ಎದ್ದು ನಿಂತು ಹೇಳಿಬಿಟ್ಟೆ.

ಕುಂಕುಮದ ರೇಡಿಯೋ

ಮೊದಲು ಹೋಗಿದ್ದು ಬಸವೇಶ್ವರನಗರಕ್ಕೆ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರ ಮನೆಗೆ. ಇಡೀ ಕ್ಲಬ್ಬಿನಲ್ಲೇ ಒಳ್ಳೆಯ ಸೆಟ್ ಅವರದು. ನೋಡಿದರೆ ಅದರ ಮೇಲೆ ಕಸೂತಿ ಬಟ್ಟೆ, ಬಟ್ಟೆ ಸರಿಸಿದರೆ ಅರಿಶಿನ ಕುಂಕುಮ, ಟ್ಯೂನಿಂಗ್ ನಾಬಿಗೊಂದು ಒಣಗಿದ ಸೇವಂತಿಗೆ. ಆಯುಧಪೂಜೆ ಬಿಟ್ಟರೆ ಅದನ್ನ ಯಾರೂ ಮುಟ್ಟಿದಂತಿರಲಿಲ್ಲ.

ಯಾಕೆ ಸಾರ್ ಆನ್ ಮಾಡಲ್ಲ ಅಂತ ಕೇಳಿದೆ. ಮೈಕ್ ಹಿಡಿದರೆ ಏನು ಮಾತಾಡಬೇಕು ಅಂತಲೇ ತೋಚಲ್ಲ ಅಂದರು. ಕಾಂಟೆಸ್ಟಿನಲ್ಲಿ ಆ ಕಷ್ಟವೇ ಇಲ್ಲ ಅಂತ ಧೈರ್ಯ ಹೇಳಿದೆ. ಲೈಸೆನ್ಸಿನ ಜೊತೆ ಕೊಟ್ಟ ನಮ್ಮ ಕರೆ ಹೆಸರು, ಅವರ ಧ್ವನಿ ಹೇಗೆ ಕೇಳ್ತಿದೆ ಅನ್ನೋ ಅಂಕಿ, ಒಂದು ಕ್ರಮಸಂಖ್ಯೆ. ಮೂರೇ ಮಾತು, ಮುಗೀತು.

ಅವರು ಅಡುಗೆಮನೆ ಕಡೆ ಒಮ್ಮೆ ನೋಡಿ ಮೆಲ್ಲಗೆ ಹೇಳಿದರು. "ಮೂರು ಮಾತಾ? ಹಾಗಾದ್ರೆ ಬರ್ತೀನಿ ಕಣ್ರೀ. ಮನೇಲಿ ನನಗೆ ಅಷ್ಟೂ ಸಿಗಲ್ಲ."

ಊಟ ಆಯ್ತಾ

ಕಾಂಟೆಸ್ಟ್ ಶುರುವಾಯಿತು. ನಾನು ವಿಜಯನಗರದಲ್ಲಿ ಕೂತು ಅವರ ಧ್ವನಿ ಹುಡುಕಿದೆ. ಸಿಕ್ಕಿತು, ಗಟ್ಟಿಯಾಗಿ, ಚೆನ್ನಾಗಿ. ಇಟಲಿಯವನೊಬ್ಬ ಬಂದ. ಇವರು ಮೂರು ಮಾತು ಮುಗಿಸಿದರು. ಆಮೇಲೆ, ಬಂದವರನ್ನ ಹಾಗೇ ಕಳಿಸೋದು ಹೇಗೆ ಅನ್ನಿಸಿರಬೇಕು, ಊಟ ಆಯ್ತಾ ಅಂತ ಇಂಗ್ಲಿಷಿನಲ್ಲಿ ಕೇಳಿಬಿಟ್ಟರು.

ಅವನ ಜನ್ಮದಲ್ಲಿ ಕಾಂಟೆಸ್ಟಿನ ನಡುವೆ ಯಾರೂ ಅದನ್ನ ಕೇಳಿರಲಿಲ್ಲ ಅಂತ ಕಾಣುತ್ತೆ. ಕರಗಿಹೋದ. ತಾನು ತಿಂದದ್ದು ಹೇಳಿದ, ನೀವೇನು ತಿಂದಿರಿ ಅಂದ. ಹಿಂದೆ ಹತ್ತಾರು ಜನ ಕಾಯುತ್ತಿದ್ದಾರೆ. ನಾನು ಸ್ಕೂಟರ್ ಹತ್ತಿ ಬಸವೇಶ್ವರನಗರಕ್ಕೆ ಓಡಿದೆ. ಹೋಗಿ ನೋಡಿದರೆ ಬಿಸಿಬೇಳೆಬಾತು ಮಾಡೋದು ಹೇಗೆ ಅಂತ ಅರ್ಧ ಹೇಳಿ ಆಗಿತ್ತು. ಹುಣಸೆಹಣ್ಣಿಗೆ ಟ್ಯಾಮರಿಂಡ್ ಅಂದರೆ ಅವನಿಗೆ ತಿಳಿಯಲಿಲ್ಲವಂತೆ, ನಮ್ಮವರು ಹ್ಯಾಮ್ ಪದ್ಧತಿಯಲ್ಲಿ ಅಕ್ಷರಕ್ಕೊಂದು ಪದದಂತೆ ಬಿಡಿಸಿ ಹೇಳುತ್ತಿದ್ದರು: ಟ್ಯಾಂಗೋ, ಆಲ್ಫಾ, ಮೈಕ್, ಆಲ್ಫಾ...

ಅಂಕ ಬಂದಿದ್ದು ಬೆರಳೆಣಿಕೆಯಷ್ಟು. ಆದರೆ ಮುಂದಿನ ಕಾಂಟೆಸ್ಟಿನಲ್ಲಿ ಇವರು ಮೈಕ್ ಹಿಡಿದ ಕೂಡಲೇ ಮೊದಲು ಕರೆದವನು ಅದೇ ಇಟಲಿಯವನು. ಟ್ಯಾಂಗೋ ಆಲ್ಫಾ ಮೈಕ್ ಎಲ್ಲೂ ಸಿಗಲಿಲ್ಲ, ನಿಂಬೆಹಣ್ಣು ಹಿಂಡಬಹುದಾ ಅಂತ ಕೇಳೋಕೆ.

ಬಾತುಕೋಳಿ ಅತ್ತೆ

ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರಿದ್ದರು. ದಾವಣಗೆರೆ ಕಡೆಯವರು, ಬಾಪೂಜಿ ನಗರದ ಪ್ರೈಮರಿ ಸ್ಕೂಲಿನಲ್ಲಿ ಸರ್ವೀಸ್ ಮುಗಿಸಿದವರು. ಒಂದು ಭಾನುವಾರ ನಮ್ಮ ಬಾಗಿಲಿಗೆ ಬಂದರು. ನಾನು ಮೈಕಿನಲ್ಲಿ ಕೂಗಿದಾಗಲೆಲ್ಲ ಅವರ ಟಿವಿಯೊಳಗೆ ಬಾತುಕೋಳಿ ಕೂಗುತ್ತಂತೆ. ಧಾರಾವಾಹಿಯ ಅತ್ತೆ ಸೊಸೆಯನ್ನ ಬೈಯೋಕೆ ಬಾಯಿ ತೆರೆದರೆ ಕ್ವಾಕ್ ಕ್ವಾಕ್.

ಇನ್ನು ನನ್ನ ಆಂಟೆನಾ ಇಳಿಸಿಬಿಡ್ತಾರೆ ಅಂದುಕೊಂಡೆ. ಅವತ್ತೇ ಹೋಗಿ ಅವರ ಟಿವಿ ಕೇಬಲ್ಲಿಗೆ, ಇಂಥ ತೊಂದರೆ ತಡೆಯುವ ಕಪ್ಪು ಉಂಗುರವೊಂದನ್ನ ಹಾಕಿ ಬಂದೆ. ಮುಂದಿನ ವಾರ ಮತ್ತೆ ಬಂದರು. ಇನ್ನೂ ಕೂಗ್ತಿದೆಯಾ ಟೀಚರ್ ಅಂದೆ.

"ಇಲ್ಲ ರೀ, ಈಗ ಅತ್ತೆ ತನ್ನ ದನೀಲೇ ಮಾತಾಡ್ತಾಳೆ," ಅಂದರು. "ಬಾತುಕೋಳಿನೇ ಚಲೋ ಇತ್ತು. ಆ ಉಂಗುರ ತೆಗೆದುಬಿಡ್ರಿ."

ಪೊಲೀಸ್ ಬಂದರು

ಉಂಗುರದ ನೆಪದಲ್ಲಿ ಬಂದ ಟೀಚರ್ ಕುರ್ಚಿ ಎಳೆದುಕೊಂಡು ಕೂತರು. ಜಪಾನ್, ರಷ್ಯಾ ಒಂದರ ಹಿಂದೊಂದು ಕೇಳುತ್ತಿದ್ದರೆ ಅವರ ಕಣ್ಣು ಅರಳಿತು. ತಾವೂ ಕಲೀಬಹುದಾ ಅಂದರು. ಓದಿದರು, ಪರೀಕ್ಷೆ ಬರೆದು ಮೊದಲ ಸಲಕ್ಕೇ ಪಾಸಾದರು. ಆದರೆ ಲೈಸೆನ್ಸ್ ಬರಬೇಕಾದರೆ ಪೊಲೀಸರು ಮನೆಗೆ ಬಂದು ವಿಚಾರಿಸಬೇಕು.

ಬಂದ ಪೇದೆ, ಈ ವಯಸ್ಸಲ್ಲಿ ವೈರ್‌ಲೆಸ್ ಯಾಕಮ್ಮ ಅಂದ. ಕಾಂಟೆಸ್ಟಿಗೆ ಅಂದರು. ಗೆದ್ದರೆ ಏನು ಕೊಡ್ತಾರೆ ಅಂದ. ಒಂದು ಸರ್ಟಿಫಿಕೇಟ್ ಅಂದರು. ಅಷ್ಟಕ್ಕೆ ಎರಡು ದಿನ ಕೂಗ್ತೀರಾ ಅಂತ ಅನುಮಾನದಿಂದ ನೋಡಿದ. ಎಲ್ಲಿ ಕೆಲಸ ಮಾಡ್ತಿದ್ರಿ ಅಂದ. ಸ್ಕೂಲಿನ ಹೆಸರು ಕೇಳಿದ್ದೇ ತಡ, ಮುಂದೆ ಒಂದು ಪ್ರಶ್ನೆಯೂ ಇಲ್ಲ, ಯಾವ ತೊಂದರೆಯೂ ಇಲ್ಲದವರು ಅಂತ ಬರೆದುಕೊಂಡು ಎದ್ದ.

ಗೇಟಿನ ಹತ್ತಿರ ನನಗೆ ಗುಟ್ಟಾಗಿ ಹೇಳಿದ. "ನಮ್ಮನೆಯವಳು ಇವರ ಹತ್ರಾನೇ ಓದಿದ್ದು ಸಾರ್. ಇವತ್ತಿಗೂ ಇವರ ಹೆಸರೆತ್ತಿದ್ರೆ ಎದ್ದು ನಿಲ್ತಾಳೆ. ಬೇರೆ ಏನಾದ್ರೂ ಬರೆದ್ರೆ ನನಗೆ ರಾತ್ರಿ ಊಟ ಇಲ್ಲ."

ಯೂರೋಪಿನ ಕ್ಲಾಸು

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಟೀಚರೇ ಕೂರ್ತಾರಂತೆ ಅಂದ ಮೇಲೆ ಸುಮ್ಮನಿರೋಕೆ ಯಾರಿಗೂ ಮನಸ್ಸು ಬರಲಿಲ್ಲ. ಚಂದ್ರಾ ಲೇಔಟ್, ಅತ್ತಿಗುಪ್ಪೆ, ಕೆಂಗೇರಿ, ಎಲ್ಲ ಕಡೆ ಧೂಳು ಹಿಡಿದ ಸೆಟ್ಟುಗಳು ಆನ್ ಆದವು. ಕುರ್ಚಿ ಕೇಳಿದ್ದ ಅಧ್ಯಕ್ಷರೂ ಮೈಕ್ ಹಿಡಿದರು.

ಟೀಚರ್ ಕೂತಿದ್ದು ನನ್ನ ರೇಡಿಯೋ ಮುಂದೆ. ಭಾರತದಿಂದ ಹೆಂಗಸಿನ ಧ್ವನಿ ಕೇಳಿದ್ದೇ ಯೂರೋಪಿಗೆ ಯೂರೋಪೇ ಮುಗಿಬಿತ್ತು. ಸಂತೆಯ ಗದ್ದಲ, ಒಂದು ಹೆಸರೂ ತಿಳಿಯದು. ಒಮ್ಮೆ ಕೇಳಿದರು, ಎರಡನೇ ಸಲ ಕೇಳಿದರು. ಮೂರನೇ ಸಲಕ್ಕೆ ಅವರೊಳಗಿನ ಅಷ್ಟೂ ವರ್ಷದ ಸರ್ವೀಸ್ ಎದ್ದು ಬಂತು. ಮೈಕ್ ಒತ್ತಿ ಕನ್ನಡದಲ್ಲೇ ಗದರಿದರು.

"ಸಾಲಾಗಿ ಬರ್ರೋ."

ಆಕಾಶ ಗಪ್‌ಚಿಪ್. ಎಲ್ಲರೂ ಬಿಟ್ಟುಹೋದರು ಅಂದುಕೊಂಡೆ. ಆಮೇಲೆ ಒಬ್ಬ ಅಳುಕುತ್ತಾ ತನ್ನ ಹೆಸರು ಹೇಳಿದ. ಅವನು ಮುಗಿಸಿದ ಮೇಲೆ ಇನ್ನೊಬ್ಬ. ಹೀಗೆ ಸಂಜೆವರೆಗೂ ಒಬ್ಬರ ಹಿಂದೊಬ್ಬರು. ಆ ವರ್ಷ ಹೊಸಬರ ವಿಭಾಗದಲ್ಲಿ ದೇಶಕ್ಕೇ ಮೊದಲು ಬಂದವರು ನಮ್ಮ ಟೀಚರ್. ಕ್ಲಬ್ಬಿನಲ್ಲಿ ಹೋಳಿಗೆ ಊಟ ಹಾಕಿಸಿದೆವು.

ಮರುವರ್ಷದ ಕಾಂಟೆಸ್ಟಿನಲ್ಲಿ ನಾವಿಬ್ಬರೂ ಕೇಳುತ್ತಾ ಕೂತಿದ್ದಾಗ ಜರ್ಮನಿಯ ಒಬ್ಬನ ಮೇಲೆ ಜನ ಮುಗಿಬಿದ್ದಿದ್ದರು. ಪಾಪ, ಅವನಿಗೂ ತಾಳ್ಮೆ ಕೆಟ್ಟಿತು. ಇದ್ದಕ್ಕಿದ್ದಂತೆ "ಜಾಲಗಿ ಬರೋ" ಅಂತ ಅರಚಿದ.

ಟೀಚರ್ ಮುಖ ಗಂಟಾಯಿತು. ಮೈಕ್ ಎಳೆದುಕೊಂಡು ಅವನನ್ನ ಕರೆದು, ಉಚ್ಚಾರ ತಪ್ಪು, ಇನ್ನೊಂದು ಸಲ ಹೇಳು ಅಂತ ಇಂಗ್ಲಿಷಿನಲ್ಲಿ ಹೇಳಿದರು. ಅವನು ಎಸ್ ಮ್ಯಾಡಮ್ ಅಂದು, ಕಾಂಟೆಸ್ಟ್ ನಿಲ್ಲಿಸಿ, ಸರಿಯಾಗಿ ಬರೋವರೆಗೂ ಹೇಳಿದ. ಅಷ್ಟು ಹೊತ್ತೂ ಇಡೀ ಯೂರೋಪ್ ಕೈಕಟ್ಟಿಕೊಂಡು ಕಾಯಿತು.