ಮಧ್ಯಾಹ್ನದವರೆಗಿನ ಮೌನ

ನಾಲಿಗೆಗೆ ಅಕ್ಷರವನ್ನೂ ಅಕ್ಷರಕ್ಕೆ ಸ್ವರವನ್ನೂ ಅನುಗ್ರಹಿಸಿದ ಶಾರದೆಗೆ, ಆ ಸ್ವರವನ್ನು ತಾಳ್ಮೆಯಿಂದ ತಿದ್ದಿದ ಗುರುಗಳಿಗೆ, ಮದುವೆಯಾದಂದಿನಿಂದ ನನ್ನ ಮಾತುಗಳನ್ನು ಕೇಳಿಯೂ ಮನೆಬಿಟ್ಟು ಹೋಗದ ಧರ್ಮಪತ್ನಿಗೆ ಮೊದಲ ನಮಸ್ಕಾರ. ಇವರಲ್ಲಿ ಒಬ್ಬರು ಮುನಿದಿದ್ದರೂ ಮುಂದಿನ ವೃತ್ತಾಂತಕ್ಕೆ ಅವಕಾಶವಿರುತ್ತಿರಲಿಲ್ಲ.

ಹಲಸೂರಿನ ಕೆರೆಗೆ ಅನತಿ ದೂರದಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ, ನಾನು ಸ್ಥಾಪಿಸಿದ ಗಮಕ ಶಾಲೆಯಿದೆ. ಹಳೆಯ ಕಾವ್ಯಗಳನ್ನು ರಾಗವಾಗಿ ಓದುವುದನ್ನು ಅಲ್ಲಿ ಸಂಜೆಯ ಹೊತ್ತು ಕಲಿಸುತ್ತೇನೆ. ಕಲಿಸುತ್ತೇನೆ ಎನ್ನುವುದು ಆಸೆಯ ಮಾತು. ಸ್ಥಾಪಕನಾದವನಿಗೆ ಕಲಿಸುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸಗಳೂ ಇರುತ್ತವೆ ಎಂಬ ಸತ್ಯ ಸ್ಥಾಪಿಸಿದ ಮೇಲೆಯೇ ತಿಳಿಯುತ್ತದೆ. ಬಂದ ಫೋನನ್ನೆಲ್ಲ ನಾನೇ ಎತ್ತುತ್ತಿದ್ದೆ. ಎತ್ತಿದ ಮೇಲೆ ಬೇಗ ಇಡುತ್ತಿರಲಿಲ್ಲ. ತರಗತಿ ಎಷ್ಟು ಹೊತ್ತಿಗೆ ಎಂದು ಕೇಳಿದ ತಾಯಂದಿರಿಗೆ ಷಟ್ಪದಿಯ ಬೆಳವಣಿಗೆಯನ್ನು ವಿವರಿಸಿ, ಹೊತ್ತನ್ನು ಹೇಳಲು ಮರೆಯುತ್ತಿದ್ದೆ. ಒಮ್ಮೆ ಇಂದಿರಾನಗರದ ಗೃಹಪ್ರವೇಶಕ್ಕೂ ಕೆ.ಆರ್. ಪುರದ ಭಜನಾ ಮಂದಿರಕ್ಕೂ ಒಂದೇ ಸಂಜೆ ಒಪ್ಪಿಕೊಂಡು, ಎರಡೂ ಕಡೆಯವರು ಕಾಯುತ್ತಿರುವಾಗ ನಡುದಾರಿಯಲ್ಲಿ ಮೆಟ್ರೋದೊಳಗೆ ನಿಂತು ಯಾವ ನಿಲ್ದಾಣದಲ್ಲಿ ಇಳಿಯಬೇಕೆಂದು ಭಗವಂತನನ್ನು ಕೇಳಿದ್ದೂ ಉಂಟು.

ಆಗ ಪತ್ನಿಯೇ ವಿಚಾರಿಸಿ ರೇಣುಕಾಳನ್ನು ಗೊತ್ತುಮಾಡಿದಳು. ಕಲಬುರಗಿ ಕಡೆಯ ಗೃಹಿಣಿ. ಬೈಯಪ್ಪನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ನನ್ನಂಥ ಕೆಲವರ ಫೋನು, ಪತ್ರ, ಭೇಟಿಗಳ ಹೊಣೆ ಹೊರುವುದು ಆಕೆಯ ವೃತ್ತಿ. ಕಣ್ಣಿಗೆ ಕಾಣದವರ ಕೈಗೆ ಸಂಸ್ಥೆಯನ್ನು ಒಪ್ಪಿಸುವುದು ಹೇಗೆಂದು ಅಳುಕಿದೆ. ಮರುಗಳಿಗೆಯೇ, ಕಣ್ಣಿಗೆ ಕಾಣದವನೊಬ್ಬನ ಕೈಗೆ ಇಡೀ ಬಾಳನ್ನು ಒಪ್ಪಿಸಿರುವ ನಾನು ಹೀಗೆ ಕೇಳುವುದು ತರವಲ್ಲವೆಂದು ಸುಮ್ಮನಾದೆ.

ರೇಣುಕಾ ಬಂದ ಮೇಲೆ ಒಂದೇ ಸಂಜೆಗೆ ಎರಡು ಕಡೆ ಒಪ್ಪಿಕೊಳ್ಳುವುದು ನಿಂತಿತು. ಶಿಷ್ಯರಿಗೆ ಪಾಠದ ಹೊತ್ತು ತಿಳಿಯಿತು. ಹೊರಮಾವಿನ ಅಪಾರ್ಟ್‌ಮೆಂಟಿನವರು ಕಾರ್ಯಕ್ರಮಕ್ಕೆ ಕರೆದರೆ, ಹೊರಡುವ ಮೊದಲು ನೆನಪಿನ ಕರೆ ಬರುತ್ತಿತ್ತು; ಆಕೆಯ ದನಿಯ ಹಿಂದೆ ರೈಲಿನ ಸದ್ದೂ ಕೇಳುತ್ತಿತ್ತು. ನನಗೆ ಅರ್ಥವಾಗದ್ದು ಒಂದೇ: ಬೆಳಗಿನ ಹೊತ್ತು ನನ್ನ ಫೋನು ಸದ್ದೇ ಮಾಡುತ್ತಿರಲಿಲ್ಲ. ಲೋಕಕ್ಕೆ ನಾನು ಬೇಡವಾದೆನೇ ಎಂದು ಚಿಂತೆಯಾಯಿತು.

ಕಾರಣ ತಿಳಿದದ್ದು ಒಂದು ಸಂಕಟದ ದಿನ. ಅಂಗಡಿಯ ಮಾಲೀಕ ವರದರಾಜು ಅವರು ಸರಕು ತುಂಬಲು ಮಹಡಿ ಬೇಕು, ಶಾಲೆಯನ್ನು ತೆರವು ಮಾಡಿ ಎಂದು ಹಲವು ಸಲ ಹೇಳಲು ಬಂದಿದ್ದರು. ಬಂದಾಗಲೆಲ್ಲ ನಾನು ವಿದ್ಯಾದಾನದ ಮಹಿಮೆಯನ್ನು ಹೇಳಿ, ಅವರು ಬಾಯಿ ತೆರೆಯುವಷ್ಟರಲ್ಲಿ ಮಂಗಳ ಹಾಡಿ ಕಳುಹಿಸುತ್ತಿದ್ದೆ. ಈ ಬಾರಿ ಕಡೆಯ ಮಾತು ಹೇಳಲು ಬೆಳಗ್ಗೆ ಮನೆಗೇ ಬರುವುದಾಗಿ ರೇಣುಕಾಳಿಗೆ ತಿಳಿಸಿದ್ದರು.

"ನೀವು ಮೌನದಾಗ ಇರ್ತೀರಿ ಅಂತ ಹೇಳೀನ್ರಿ ಗುರುಗಳೇ. ಕುಂತು ನೋಡ್ಕೊಂಡಾದ್ರೂ ಹೋಗ್ತೀನಿ ಅಂದ್ರು" ಎಂದಳು.

ಯಾವ ಮೌನ ಎಂದು ಕೇಳಿದೆ. ಕೆಲಸಕ್ಕೆ ಸೇರಿದ ದಿನ ಬೆಳಗ್ಗೆ ಕರೆ ಮಾಡಿದಾಗ, ನಾನು ಜಪದಲ್ಲಿರುವುದಾಗಿಯೂ ಈಗ ಮಾತನಾಡುವುದಿಲ್ಲವೆಂದೂ ನನ್ನ ಪತ್ನಿ ಹೇಳಿದ್ದಳಂತೆ.

"ನಮ್ಮೂರ ಮಠದ ಅಜ್ಜಾರು ಮಧ್ಯಾಹ್ನದ ತನಕ ಮಾತಾಡಂಗಿಲ್ರಿ. ನಿಮ್ದೂ ಹಂಗೇ ಅಂತ ತಿಳ್ಕೊಂಡು ಎಲ್ಲಾರಿಗೂ ಹೇಳೀನಿ. ತಪ್ಪಾತೇನ್ರಿ?"

ನನ್ನ ಜಪ ಕಾಫಿ ಆರುವುದರೊಳಗೆ ಮುಗಿಯುತ್ತದೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ನನ್ನ ಹೆಸರಿನಲ್ಲಿ ಆಡಿದ ಮಾತು ಸುಳ್ಳಾಗಬಾರದು. ಸುಳ್ಳಾಗದಿರಲು ಉಪಾಯ ಒಂದೇ: ನಿಜವಾಗಿಯೂ ಮೌನ ಹಿಡಿಯುವುದು.

ಮರುದಿನ ವರದರಾಜು ಬಂದು ಎದುರಿಗೆ ಕುಳಿತರು. ನಾನು ಕೈಮುಗಿದು ಸುಮ್ಮನಿದ್ದೆ. ನನ್ನ ಉಪನ್ಯಾಸಕ್ಕೆ ಸಿದ್ಧರಾಗಿ ಬಂದಿದ್ದ ಅವರಿಗೆ ಆ ನಿಶ್ಶಬ್ದ ಹೊಸತು. ಸ್ವಲ್ಪ ಹೊತ್ತು ಫ್ಯಾನನ್ನು ನೋಡಿದರು. ಆಮೇಲೆ ತಾವೇ ತೊಡಗಿದರು. ಶಿವಾಜಿನಗರದ ಅಂಗಡಿ ತಮ್ಮನ ಪಾಲಿಗೆ ಹೋದದ್ದು, ಮಗಳ ಮದುವೆಗೆ ಅವನು ಬಾರದಿದ್ದದ್ದು, ಅಮ್ಮನ ತಿಥಿಯನ್ನು ಇಬ್ಬರೂ ಬೇರೆ ಬೇರೆ ಮಾಡುವುದು ಎಲ್ಲವನ್ನೂ ಹೇಳಿದರು. ಅಣ್ಣತಮ್ಮಂದಿರ ವಿಷಯದಲ್ಲಿ ಕಾವ್ಯಗಳಿಂದ ಉದ್ಧರಿಸಬಹುದಾದ ಪದ್ಯಗಳೆಲ್ಲ ನನ್ನ ಗಂಟಲಿನವರೆಗೆ ಬಂದು ಸಾಲುಗಟ್ಟಿ ನಿಂತವು. ಕಾಫಿ ತಂದ ಪತ್ನಿ ನನ್ನ ಮುಖವನ್ನು ನೋಡಿ, ಲೋಟವನ್ನು ನೇರವಾಗಿ ಕೈಗೇ ಕೊಟ್ಟು, ಕುಡಿಯುವಂತೆ ಕಣ್ಣಿನಲ್ಲೇ ಆಜ್ಞಾಪಿಸಿದಳು. ಕುಡಿದೆ, ಪದ್ಯಗಳು ಕೆಳಗಿಳಿದವು.

"ಅವನ ಗೋಡೌನ್ ಖಾಲಿ ಬಿದ್ದಿದೆ ಸ್ವಾಮಿ" ಎಂದರು ವರದರಾಜು, ಬಹಳ ಹೊತ್ತಿನ ಮೇಲೆ. "ಅವನ ಮುಂದೆ ನಿಂತ್ಕೊಂಡು ಕೇಳಕ್ಕೆ ಮನಸ್ಸಿಲ್ಲ. ಅದಕ್ಕೇ ನಿಮ್ಮ ಶಾಲೆ ಎಬ್ಬಿಸೋಣ ಅಂದ್ಕೊಂಡೆ." ಹೇಳಿದ ಮಾತನ್ನು ತಾವೇ ಕೇಳಿಸಿಕೊಂಡವರಂತೆ ತಲೆ ತಗ್ಗಿಸಿದರು. ಕಡೆಗೆ ಎದ್ದು, "ನಾನೇ ಹೋಗಿ ಒಂದ್ಮಾತು ಕೇಳ್ತೀನಿ ಬಿಡಿ. ಎಷ್ಟಿದ್ರೂ ತಮ್ಮ" ಎಂದರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ, "ಇಷ್ಟು ದಿನದಲ್ಲಿ ಇವತ್ತೇ ನೋಡಿ, ನೀವು ಒಳ್ಳೇ ಬುದ್ಧಿ ಹೇಳಿದ್ದು" ಎಂದು ಕೈಮುಗಿದರು.

ಸರಕು ತಮ್ಮನ ಗೋಡೌನ್ ಸೇರಿತು. ಶಾಲೆ ಮಹಡಿಯ ಮೇಲೆಯೇ ಉಳಿಯಿತು. ಆ ಸುದ್ದಿ ತಿಳಿದ ಮಧ್ಯಾಹ್ನ ರೇಣುಕಾಳಿಗೆ ಫೋನು ಮಾಡಿ, ಇನ್ನು ಈ ವ್ರತವನ್ನು ಸಮಾಪ್ತಿಗೊಳಿಸಬಹುದೆಂದು ಪೀಠಿಕೆ ಹಾಕಿದೆ. ಆಕೆ ವಿನಯದಿಂದಲೇ ತಡೆದಳು. "ವರದರಾಜು ಅವ್ರು ಇನ್ಮ್ಯಾಲೆ ಪ್ರತಿ ಗುರುವಾರ ಬರ್ತಾರಂತ್ರಿ. ತಮ್ಮನನ್ನೂ ಕರ್ಕೊಂಡು ಬರ್ತಾರಂತ. ಮಧ್ಯಾಹ್ನದ ಮ್ಯಾಲೆ ಟೈಮ್ ಕೊಡ್ಲೇನ್ರಿ ಅಂದೆ. ಬ್ಯಾಡ್ರಿ, ಗುರುಗಳು ಮಾತಾಡ್ದೆ ಇರೋ ಹೊತ್ತೇ ಬೇಕು ಅಂದ್ರು."

ಹೊಣೆ ಹೊತ್ತ ರೇಣುಕಾಳಿಗೆ ತಂಪಾದ ಬಾಳು ಸಿಗಲಿ. ಸೋದರರಿಬ್ಬರೂ ಈ ವರ್ಷ ತಾಯಿಯ ತಿಥಿಯನ್ನು ಒಂದೇ ಎಲೆಸಾಲಿನಲ್ಲಿ ಕುಳಿತು ಮುಗಿಸಲಿ. ಹೊತ್ತಿಗೆ ಸರಿಯಾಗಿ ಕಾಫಿ ಕೊಟ್ಟ ಕೈಗೆ ದೀರ್ಘ ಸೌಮಂಗಲ್ಯವಿರಲಿ. ಓದಿದ ನಿಮಗೂ ಶುಭವಾಗಲಿ. ಇದನ್ನೆಲ್ಲ ನಿಮ್ಮ ಮನೆಗೇ ಬಂದು ಬಾಯ್ತುಂಬ ಹರಸಬೇಕೆಂಬ ಹಂಬಲ ನನಗಿದೆ. ಆದರೆ ಇನ್ನೂ ಮಧ್ಯಾಹ್ನವಾಗಿಲ್ಲವಾದ್ದರಿಂದ ಬರೆದು ಹರಸಿದ್ದೇನೆ.