ನಳಕ್ಕೆ ಕಂಬಳಿ ಹೊದಿಸುವ, ಹಾಗೂ ಕಂಬಳಿಯೊಳಗಿರುವುದನ್ನೆಲ್ಲ ನಳವೆಂದೇ ಪರಿಗಣಿಸುವ ಕುರಿತು

“ಸಾಹೇಬ್ರ, ಅದು ಹೆಪ್ಪುಗಟ್ಟಿಲ್ರೀ. ಅದರಾಗ ನೀರಽ ಇಲ್ಲ.”

ಮಸ್ಕಿಯ ಹಿಂದಿನ ಓಣಿಯ ನಿವಾಸಿ ಗ್ಯಾನಮ್ಮ ಎಂಬುವರು ತಮ್ಮ ಮನೆ ಮುಂದಿನ ನಳದ ಬಗ್ಗೆ, ತಪಾಸಣೆಗೆ ಬಂದ ಅಧಿಕಾರಿಗಳೆದುರು, ಖಾಲಿ ಕೊಡವನ್ನು ಸೊಂಟದಿಂದ ಇಳಿಸದೆಯೇ ಆಡಿದ ಮೇಲ್ಕಂಡ ಮಾತನ್ನು ಇಲಾಖೆಯು ಕೂಲಂಕಷವಾಗಿ ಪರಿಶೀಲಿಸಿ, ತಾಂತ್ರಿಕವಾಗಿ ಅಪಕ್ವವೆಂದು ತಿರಸ್ಕರಿಸಿದೆ. ಅದರ ಫಲವೇ ಈ ಪರಿಷ್ಕೃತ ಸುತ್ತೋಲೆ.

ಸಂಖ್ಯೆ: ಶೈನಿ/ನಳ/ಕಂಬಳಿ/ಪರಿಷ್ಕೃತ/ಮತ್ತೆ ಪರಿಷ್ಕೃತ

ದಿನಾಂಕ: ಯುಗಾದಿ ಮುಗಿದ ಮೇಲೆ, ಕಾರಹುಣ್ಣಿಮೆಗೆ ಮೊದಲು

ವಿಷಯ: ಕಡುಚಳಿಯಲ್ಲಿ ಮನೆಬಳಕೆಯ ನಳ ಮತ್ತು ಪೈಪುಗಳು ಹೆಪ್ಪುಗಟ್ಟಿ ಒಡೆಯದಂತೆ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳಲ್ಲಿ ಕೈಗೊಳ್ಳಬೇಕಾದ ಕ್ರಮಗಳು.

ಉಲ್ಲೇಖ: (ಅ) ಮೇಲಿನ ಕಚೇರಿಯ ಮಾರ್ಗಸೂಚಿ. ಇದನ್ನು ಹಿಮ ಬೀಳುವ ಊರುಗಳಿಗಾಗಿ ಬರೆಯಲಾಗಿದ್ದು, ಊರಿನ ಹೆಸರುಗಳನ್ನಷ್ಟೇ ತಿದ್ದಿಕೊಳ್ಳಲಾಗಿದೆ.
(ಆ) ಗ್ಯಾನಮ್ಮ ಇವರ ಅರ್ಜಿ.
(ಇ) ಅದೇ ಅರ್ಜಿ, ಇನ್ನೊಮ್ಮೆ.
(ಈ) ಅದೇ ಅರ್ಜಿ, ಬಾಯಿಮಾತಿನಲ್ಲಿ, ಕಚೇರಿ ಕಿಟಕಿಯ ಹೊರಗೆ ನಿಂತು, ದೊಡ್ಡ ದನಿಯಲ್ಲಿ.

ಪ್ರಸ್ತಾವನೆ:

ಸದರಿ ಗ್ಯಾನಮ್ಮ ಇವರ ಮಗಳು ಅಮರೇಶ್ವರಿ, ಜವಳಗೇರಾದ ಸೊಸೆ, ಚೊಚ್ಚಲ ಹೆರಿಗೆಗೆಂದು ತವರಿಗೆ ಬರುವವರಿದ್ದರು. ಆ ಸಂಬಂಧ ಸಲ್ಲಿಸಿದ ಅರ್ಜಿಯ ಪೂರ್ಣಪಾಠ ಹೀಗಿದೆ: “ಬಾಣಂತಿಗೆ ಎರಿಯಾಕ ದಿನಾ ಒಂದು ಹಂಡೆ ಬಿಸಿನೀರು ಬೇಕ್ರಿ. ಕೂಸು ಬರೂದ್ರಾಗ ನಳಕ್ಕ ನೀರು ಬರಲಿ. ಇಷ್ಟಽ.”

ಅರ್ಜಿದಾರರು ‘ಬಿಸಿನೀರು’ ಎಂದು ತಮ್ಮ ಬಾಯಿಂದಲೇ ಕೇಳಿದ್ದಾರೆ ಎಂಬುದನ್ನು ಇಲಾಖೆ ಗಮನಿಸಿದೆ. ಸುಡುವ ಊರಿನಲ್ಲಿ ಬಿಸಿನೀರು ಯಾರು ಕೇಳುತ್ತಾರೆ? ಚಳಿ ಇದ್ದಲ್ಲಿ ಕೇಳುತ್ತಾರೆ. ಆದುದರಿಂದ ಮಸ್ಕಿಯಲ್ಲಿ ಚಳಿ ಇದೆ. ಚಳಿ ಇರುವ ಊರಿನ ನಳದಲ್ಲಿ ನೀರು ಬರುತ್ತಿಲ್ಲವೆಂದರೆ ಅದು ಒಳಗೆ ಹೆಪ್ಪುಗಟ್ಟಿದೆ. ಇದರಲ್ಲಿ ಇಲಾಖೆಯ ತಪ್ಪೇನೂ ಕಂಡುಬಂದಿರುವುದಿಲ್ಲ. ತಪ್ಪೇನಿದ್ದರೂ ಹವಾಮಾನದ್ದು.

ಆಗ್ಯೂ ಸ್ಥಳ ತಪಾಸಣೆ ಮಾಡದೆ ತೀರ್ಮಾನಕ್ಕೆ ಬರುವುದು ಇಲಾಖೆಯ ಪದ್ಧತಿಯಲ್ಲ. ತೀರ್ಮಾನಕ್ಕೆ ಬಂದ ಮೇಲೆ ಸ್ಥಳ ತಪಾಸಣೆ ಮಾಡುವುದು ಪದ್ಧತಿ. ಅದರಂತೆ ಶೈತ್ಯ ನಿಯಂತ್ರಣಾಧಿಕಾರಿ ಬಸವಂತರಾಯ ಇವರು ಲಿಂಗಸುಗೂರಿನಿಂದ ಹೊರಟು ಮಸ್ಕಿ ಮಾರ್ಗವಾಗಿ ಸಿಂಧನೂರಿನವರೆಗೆ ಇಲಾಖೆಯ ಜೀಪಿನಲ್ಲಿ, ಗಾಜು ಏರಿಸಿಕೊಂಡು, ಏಸಿ ಹಾಕಿಕೊಂಡು ಸಂಚರಿಸಿದರು. ಸಂಚಾರದುದ್ದಕ್ಕೂ ವಿಪರೀತ ಚಳಿ ಕಂಡುಬಂದಿದೆ. ಮಫ್ಲರ್ ಸುತ್ತಿಕೊಳ್ಳಬೇಕಾಯಿತು.

ಇದಕ್ಕಿಂತ ಬಲವಾದ ಸಾಕ್ಷ್ಯವೆಂದರೆ, ದಾರಿಯಲ್ಲಿ ಕಂಡ ಪ್ರತಿ ನಳದ ಬಾಯಿಗೂ ಅರಿವೆ ಕಟ್ಟಲಾಗಿತ್ತು. ಹಳೆ ಸೀರೆಯ ಸೆರಗು, ಧೋತರದ ತುಂಡು, ಒಂದೆರಡು ಕಡೆ ಮಕ್ಕಳ ಲಂಗದ ಚುಂಗು. ಜನರು ತಮ್ಮ ನಳಗಳನ್ನು ಚಳಿಯಿಂದ ಕಾಪಾಡಲು ಮನೆಯ ಬಟ್ಟೆಯನ್ನೇ ಹರಿದು ಕೊಟ್ಟಿರುವುದನ್ನು ಕಂಡು ಅಧಿಕಾರಿಗಳ ಕಣ್ಣಾಲಿಗಳು ತೇವಗೊಂಡಿವೆ. ಆ ದಿನ ಸದರಿ ದಾರಿಯುದ್ದಕ್ಕೂ ಕಂಡುಬಂದ ತೇವ ಅದೊಂದೇ.

ಈ ಬಗ್ಗೆ ಗ್ಯಾನಮ್ಮ ಇವರ ತಕರಾರನ್ನೂ ದಾಖಲಿಸಲಾಗಿದೆ: “ಯಪ್ಪಾ, ಚಳಿಗೆ ಕಟ್ಟಿದ್ದಲ್ರೀ ಅದು! ಕಾಲುವಿ ನೀರು ರಾಡಿ ಇರತೈತಿ, ಹುಳಾ ಬರತಾವ. ಸೋಸಲಿ ಅಂತ ಕಟ್ಟೀನಿ. ನಮ್ಮವ್ವ ಕಟ್ಟತಿದ್ಲು, ನಾನೂ ಕಟ್ಟೀನಿ. ನೋಡ್ರಿ ಬೇಕಾದ್ರ, ಕಟ್ಟಿದಾಗಿಂದ ಒಂದು ಹನಿ ತಾಗಿಲ್ಲ, ಇನ್ನಾ ಇಸ್ತ್ರಿ ಮಾಡಿಟ್ಟಂಗ ಐತಿ.”

ಇದು ಅರ್ಜಿದಾರರ ವಿನಯವೆಂದು ಭಾವಿಸಲಾಗಿದೆ. ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಗಣಿಸಿ, ಈ ಕೆಳಗಿನಂತೆ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ.

1. ತಿರುವಿದಾಗ ನೀರು ಬಾರದ ನಳವನ್ನು ಇನ್ನು ಮುಂದೆ ‘ಹೆಪ್ಪುಗಟ್ಟಿದ ನಳ’ ಎಂದು ಕರೆಯತಕ್ಕದ್ದು. ‘ನೀರಿಲ್ಲದ ನಳ’ ಎಂಬ ವರ್ಗವನ್ನು ಮೂರೂ ತಾಲ್ಲೂಕುಗಳಲ್ಲಿ ರದ್ದುಪಡಿಸಲಾಗಿದೆ. ರದ್ದಾದ ಕೂಡಲೇ ಸಮಸ್ಯೆಯೂ ಬಗೆಹರಿದಿರುವುದು ಸಂತಸದ ವಿಷಯ.

2. ಪುಷ್ಯಮಾಸದಲ್ಲಿ ಹೊರಟ ಮಾರ್ಗಸೂಚಿಯು ಮೇಜಿನಿಂದ ಮೇಜಿಗೆ ದಾಟುತ್ತ ಯುಗಾದಿ ಬೇವು-ಬೆಲ್ಲ ಮುಗಿದ ಮೇಲೆ ಇಲ್ಲಿಗೆ ತಲುಪಿದೆ. ಮಾರ್ಗಸೂಚಿಯು ತಡವಾಗಿದೆ ಎಂದು ಯಾರೂ ಹೇಳತಕ್ಕದ್ದಲ್ಲ, ಚಳಿಗಾಲವನ್ನೇ ಮುಂದುವರಿಸಲಾಗಿದೆ. ಮುಂದಿನ ಆದೇಶದವರೆಗೆ ಮಾಳಿಗೆಯ ಮೇಲೆ ಮಲಗುವುದು, ಬೀಸಣಿಗೆ ಬೀಸಿಕೊಳ್ಳುವುದು, ‘ಉಸ್ಸಪ್ಪಾ’ ಎಂದು ಸಾರ್ವಜನಿಕವಾಗಿ ಅನ್ನುವುದು ಇವೆಲ್ಲ ಇಲಾಖೆಯ ವಿರುದ್ಧ ಅಪಪ್ರಚಾರವೆನಿಸುತ್ತವೆ. ಹಟ್ಟಿಯ ಚಿನ್ನದ ಗಣಿಯೊಳಗೆ ಇಳಿಯುವವರು ಅಲ್ಲಿ ಸೆಕೆ ಎಂದು ದೂರಿದ್ದು, ಭೂಮಿಯೊಳಗಿನ ಸೆಕೆ ಈ ಇಲಾಖೆಗೆ ಬರುವುದಿಲ್ಲ.

3. ಮಾರ್ಗಸೂಚಿಯ ಪ್ರಕಾರ, ಹೆಪ್ಪುಗಟ್ಟುವುದನ್ನು ತಡೆಯಲು ನಳವನ್ನು ಸ್ವಲ್ಪ ತೆರೆದಿಟ್ಟು ನೀರು ಹನಿಹನಿಯಾಗಿ ತೊಟ್ಟಿಕ್ಕುವಂತೆ ನೋಡಿಕೊಳ್ಳಬೇಕು. ತೊಟ್ಟಿಕ್ಕಲು ನೀರೇ ಇಲ್ಲದ ಮನೆಯವರು ಬೇರೆ ಕಡೆಯಿಂದ ಹೊತ್ತು ತಂದ ನೀರಿನಲ್ಲಿ ಒಂದು ಚರಿಗೆಯನ್ನು ನಳದ ತಲೆಯ ಮೇಲಿಂದ ಹನಿಹನಿಯಾಗಿ ಬಿಡತಕ್ಕದ್ದು. ಇದನ್ನು ನೀರು ಬಿಡುವ ಸಿಬ್ಬಂದಿ ಯಂಕೋಬ ಇವರು ಗ್ಯಾನಮ್ಮನಿಗೆ ತಿಳಿಹೇಳಲು ಹೋದಾಗ, “ಲೇ ಯಂಕೋಬ, ನಿನ್ನ ತಲಿ ಮ್ಯಾಲೆ ಬಿಡ್ತೀನಿ, ಅದಽ ಹೆಪ್ಪುಗಟ್ಟೈತಿ” ಎಂಬ ಉತ್ತರ ಬಂದಿದೆ. ಯಂಕೋಬ ಇವರ ತಲೆಯನ್ನು ಪರಿಶೀಲಿಸಲಾಗಿ, ಸುಸ್ಥಿತಿಯಲ್ಲಿದೆ.

4. ಯಂಕೋಬ ಇವರು ತಮ್ಮ ವರದಿಯಲ್ಲಿ, “ವಾಲ್ವ್ ತಿರುವಿದ್ರ ಗಾಳಿ ಬರಾಕತ್ತೈತ್ರಿ, ಅದೂ ಬಿಸಿ ಗಾಳಿ. ಮ್ಯಾಲಿನ ಟಾಕಿಗೆ ಪೈಪು ಇನ್ನಾ ಕೂಡ್ಸೇ ಇಲ್ರಿ” ಎಂದು ಬರೆದಿದ್ದಾರೆ. ಮೊದಲ ವಾಕ್ಯವನ್ನು ಮಾತ್ರ ಓದಲಾಗಿದೆ. ಪೈಪನ್ನು ಬೆಚ್ಚಗಿಡಲು ಇಲಾಖೆಯು ಬಿಸಿ ಗಾಳಿ ಒದಗಿಸುತ್ತಿರುವುದು ಇದರಿಂದ ಸಾಬೀತಾಗಿದೆ.

5. ಸಿಂಧನೂರಿನಲ್ಲಿ ಭತ್ತದ ಹುಲ್ಲು ಹೇರಳವಾಗಿರುವುದರಿಂದ ಅಲ್ಲಿನ ಪೈಪುಗಳಿಗೆ ಹುಲ್ಲು ಸುತ್ತಲಾಗಿತ್ತು. ಅದನ್ನು ಎಮ್ಮೆಗಳು ತಿಂದಿವೆ. ಎಮ್ಮೆಗಳಿಗೆ ಹಿಂದಿನ ಸುತ್ತೋಲೆಯ ಪ್ರತಿ ತಲುಪದೇ ಇದ್ದುದು ಲೋಪವೇ ಸರಿ. ಈ ಬಾರಿ ಪ್ರತಿ ಕಳಿಸಲಾಗಿದೆ. ಅದನ್ನೂ ತಿಂದಲ್ಲಿ ಕ್ರಮ ಜರುಗಿಸಲಾಗುವುದು.

6. ನಳಕ್ಕೊಂದರಂತೆ ಉಣ್ಣೆಯ ಕಂಬಳಿ ವಿತರಿಸಲಾಗಿದೆ. ಕಂಬಳಿಯನ್ನು ನಳದ ಕೊರಳಿನಿಂದ ಪಾದದವರೆಗೆ, ಬಾಯಿ ಮುಚ್ಚದಂತೆ, ಉಸಿರು ಕಟ್ಟದಂತೆ ಹೊದಿಸತಕ್ಕದ್ದು. ಕಂಬಳಿಯು ನಳದ ಸ್ವತ್ತು. ಮನುಷ್ಯರು ಅದನ್ನು ಹೊದೆಯತಕ್ಕದ್ದಲ್ಲ, ಹಾಸತಕ್ಕದ್ದಲ್ಲ, ಅದರ ಮೇಲೆ ಶೇಂಗಾ ಒಣಹಾಕತಕ್ಕದ್ದಲ್ಲ.

7. ಸದರಿ ಆರನೇ ಅಂಶದ ಉಲ್ಲಂಘನೆ ಮಸ್ಕಿಯಲ್ಲಿ ನಡೆದಿದ್ದು, ಅದರ ವಿವರ ಕೆಳಗಿನಂತಿದೆ. ಎಲ್ಲ ಸಿಬ್ಬಂದಿ ಗಮನವಿಟ್ಟು ಓದತಕ್ಕದ್ದು, ನಗತಕ್ಕದ್ದಲ್ಲ.

ಅರ್ಜಿ ಪರಿಶೀಲನೆಯಲ್ಲಿರುವಾಗಲೇ, ಇಲಾಖೆಯ ಅನುಮತಿಗೆ ಕಾಯದೆ, ಅಮರೇಶ್ವರಿ ಗಂಡುಮಗುವಿಗೆ ಜನ್ಮ ನೀಡಿದ್ದಾರೆ. ತಾಯಿ-ಕೂಸು ಕ್ಷೇಮ. ಆದರೆ ಬಸವಂತರಾಯ ಇವರು ಕಂಬಳಿ ತಪಾಸಣೆಗೆಂದು ಮರಳಿ ಓಣಿಗೆ ಬಂದಾಗ ಗ್ಯಾನಮ್ಮನ ನಳವು ಬರಿಮೈಯಲ್ಲಿ ಬಿಸಿಲಿಗೆ ನಿಂತಿತ್ತು. ಕೈ ಇಟ್ಟು ನೋಡಲಾಗಿ ಅಧಿಕಾರಿಗಳ ಅಂಗೈ ಚುರುಗುಟ್ಟಿತು. ತೀವ್ರ ಶೈತ್ಯದಿಂದಲೂ ಹೀಗೆ ಚುರುಗುಟ್ಟುವುದುಂಟು ಎಂದು ಮಾರ್ಗಸೂಚಿಯಲ್ಲಿದೆ. ಕಂಬಳಿಯನ್ನು ಹುಡುಕಲಾಗಿ, ಅದು ಪಡಸಾಲೆಯ ತೊಟ್ಟಿಲಲ್ಲಿ ಹಾಸಿದ್ದು, ಅದರ ಚುಂಗು ಕೂಸಿನ ಹೊಟ್ಟೆಯ ಮೇಲಿತ್ತು.

ವಿವರಣೆ ಕೇಳಲಾಗಿ ಗ್ಯಾನಮ್ಮ ಹೇಳಿದ್ದು: “ನಳಕ್ಕ ಚಳಿ ಇಲ್ರೀ ಸಾಹೇಬ್ರ. ಹೊರಗ ಬಿದ್ದು ಧೂಳು ತಿನ್ನಾಕತ್ತಿತ್ತು. ಒಂದು ಕೆಲಸಕ್ಕ ಹಚ್ಚೀನಿ, ಪುಣ್ಯಾನಾದ್ರೂ ಬರ್ಲಿ ನಿಮಗ.”

“ಇದು ನಳದ ಕಂಬಳಿ,” ಎಂದು ಅಧಿಕಾರಿಗಳು ತಿಳಿಸಿದರು.

“ಹೌದೇನ್ರಿ? ಹಂಗಾದ್ರ ನೀವಽ ಎಳಕೊಂಡು ಹೋಗ್ರಿ ಕೂಸಿನ ತೆಳಗಿಂದ. ನನ್ನ ಕೈಲೆ ಆಗೂದಿಲ್ಲ.”

ಮಲಗಿದ ಕೂಸಿನ ಕೆಳಗಿಂದ ಕಂಬಳಿ ಎಳೆಯುವ ಬಗ್ಗೆ ನಿಯಮಗಳಲ್ಲಿ ಅವಕಾಶ ಕಂಡುಬರಲಿಲ್ಲ. ಎಳೆಯದೇ ಬಿಡಲೂ ಅವಕಾಶ ಕಂಡುಬರಲಿಲ್ಲ. ಬಾಗಿಲಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಬಂದು ನೆರೆದಿದ್ದರು. ಆದಕಾರಣ ಸ್ಥಳದಲ್ಲಿಯೇ ನಿರ್ಣಯ ಕೈಗೊಂಡು, ಇಲಾಖೆಯ ಕಂಬಳಿಯೊಳಗೆ ಏನಿದೆಯೋ ಅದನ್ನು ನಳವೆಂದೇ ಪರಿಗಣಿಸತಕ್ಕದ್ದೆಂದು ಆದೇಶಿಸಲಾಯಿತು. ಕೂಸಿಗೆ ನಳದ ನಂಬರು ನೀಡಲಾಯಿತು. ನಂಬರನ್ನು ಬಣ್ಣದಲ್ಲಿ ಬರೆಯಲು ಗ್ಯಾನಮ್ಮ ಬಿಡಲಿಲ್ಲ.

8. ಹೊಸದಾಗಿ ದಾಖಲಾದ ನಳದ ತಪಾಸಣೆ ಕಡ್ಡಾಯವಾದ್ದರಿಂದ ಬಸವಂತರಾಯ ಇವರು ಹಿಂದಿನ ಸುತ್ತೋಲೆಯನ್ನು ಕೈಯಲ್ಲಿ ಹಿಡಿದು ತೊಟ್ಟಿಲ ಮೇಲೆ ಬಾಗಿದರು. ಕಂಬಳಿಯ ಚುಂಗನ್ನು ಎತ್ತಿದರು. ಆ ಕ್ಷಣದಲ್ಲಿ ಸದರಿ ನಳದಿಂದ ನೀರು ಬಂದಿತು.

ಹರಿವು: ಧಾರಾಳ. ದಿಕ್ಕು: ಮೇಲ್ಮುಖ. ಉಷ್ಣತೆ: ಬೆಚ್ಚಗೆ. ಹೆಪ್ಪುಗಟ್ಟಿದ ಲಕ್ಷಣ: ಇಲ್ಲ. ಬಾಧಿತ ಪ್ರದೇಶ: ಸುತ್ತೋಲೆ, ಅಂಗಿಯ ಮುಂಭಾಗ, ಮಫ್ಲರ್.

“ಪ್ರೆಸ್ಸರ್ ಚೊಲೋ ಐತ್ರಿ ಸಾಹೇಬ್ರ,” ಎಂದು ಯಂಕೋಬ ಇವರು ವೃತ್ತಿಸಹಜವಾಗಿ ಅಭಿಪ್ರಾಯಪಟ್ಟರು. ಇವರಿಂದ ಸಮಜಾಯಿಷಿ ಕೇಳಲಾಗಿದೆ.

“ಏ, ಇಡೀ ಓಣ್ಯಾಗ ನೀರು ಬಿಟ್ಟಾಂವ ನನ್ನ ಮೊಮ್ಮಗ ಒಬ್ಬನಽ ನೋಡ್ರಿ!” ಎಂದು ಗ್ಯಾನಮ್ಮ ಹೇಳಿದ್ದು, ಬಾಗಿಲಲ್ಲಿದ್ದ ಹೆಣ್ಣುಮಕ್ಕಳು ಮಾಡಿದ ಸದ್ದನ್ನು ಬರವಣಿಗೆಯಲ್ಲಿ ದಾಖಲಿಸಲು ಸಾಧ್ಯವಾಗಿರುವುದಿಲ್ಲ.

9. ಗ್ಯಾನಮ್ಮನ ಮನೆಯ ನಂಬರಿನ ನಳದಲ್ಲಿ ಅಧಿಕಾರಿಗಳ ಸಮಕ್ಷಮ, ಅಧಿಕಾರಿಗಳ ಮೈಮೇಲೆಯೇ, ನೀರು ಬಂದಿರುವುದರಿಂದ ಉಲ್ಲೇಖ (ಆ), (ಇ) ಮತ್ತು (ಈ)ರ ಅರ್ಜಿಗಳನ್ನು ‘ನೀರು ಒದಗಿಸಲಾಗಿದೆ’ ಎಂದು ಷರಾ ಬರೆದು ಮುಕ್ತಾಯಗೊಳಿಸಲಾಗಿದೆ. ಬಾಣಂತಿಯ ಹಂಡೆ ಇನ್ನೂ ಖಾಲಿ ಇದೆಯೆಂಬ ಅಮರೇಶ್ವರಿಯ ಹೇಳಿಕೆಯನ್ನು ಹೊಸ ಅರ್ಜಿಯಾಗಿ ಸಲ್ಲಿಸಬಹುದು. ಅದನ್ನು ಬರುವ ಚಳಿಗಾಲದಲ್ಲಿ, ಅಂದರೆ ಈಗ ಮುಂದುವರಿದಿರುವ ಚಳಿಗಾಲ ಮುಗಿದ ಮೇಲೆ ಬರುವುದರಲ್ಲಿ, ಪರಿಶೀಲಿಸಲಾಗುವುದು.

10. ಈ ಯಶಸ್ಸನ್ನು ಮಾದರಿಯಾಗಿಟ್ಟುಕೊಂಡು ಮೂರೂ ತಾಲ್ಲೂಕುಗಳಲ್ಲಿ ಇಂಥ ನಳಗಳ ಸಂಖ್ಯೆಯನ್ನು ಹೆಚ್ಚಿಸಲು ಸಾರ್ವಜನಿಕರು ಸಹಕರಿಸಬೇಕೆಂದು ಕೋರಲಾಗಿದೆ.

ಸಹಿ/-
(ಬಸವಂತರಾಯ)
ಶೈತ್ಯ ನಿಯಂತ್ರಣಾಧಿಕಾರಿ
(ಹಿಂದಿನ ಸುತ್ತೋಲೆಯಲ್ಲಿ ಸಹಿಯು ಹರಡಿದಂತೆ ಕಂಡುಬಂದಲ್ಲಿ ಅಂಶ 8 ನೋಡುವುದು)

ಪ್ರತಿಗಳು:

– ಮೇಲಿನ ಕಚೇರಿಗೆ, ‘ಕರಗುವಿಕೆ ಸಾಧಿಸಲಾಗಿದೆ’ ಎಂಬ ಒಕ್ಕಣೆಯೊಂದಿಗೆ.

– ಸಿಂಧನೂರಿನ ಎಮ್ಮೆಗಳಿಗೆ, ಮಾಲೀಕರ ಮುಖಾಂತರ. ತಿನ್ನಲಾಗಿದೆಯೆಂದು ಈಗಷ್ಟೇ ತಿಳಿದುಬಂದಿದೆ.

– ಕಚೇರಿ ಕಡತಕ್ಕೆ. ಒದ್ದೆಯಾಗಿದ್ದ ಹಿಂದಿನ ಪ್ರತಿಯನ್ನು ಒಣಹಾಕಲಾಗಿತ್ತು. ಕಡುಚಳಿಯಿದ್ದರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗರಿಗರಿಯಾಗಿ ಒಣಗಿದೆ.

– ಸಾರ್ವಜನಿಕ ನಳಗಳಿಗೆ, ಅಂಟಿಸಲು. ಗಂಜಿ ಕಲಸಲು ನೀರು ಸಿಗದ ಕಾರಣ ಅಂಟಿಸಿರುವುದಿಲ್ಲ.

– ಗ್ಯಾನಮ್ಮ, ಹಿಂದಿನ ಓಣಿ, ಮಸ್ಕಿ: ಯಂಕೋಬ ಮುಖಾಂತರ, ಖುದ್ದಾಗಿ. ಸದರಿ ಯಂಕೋಬ ಪ್ರತಿಯನ್ನು ಕೊಡುವ ಹೊತ್ತಿಗೆ ಓಣಿಯ ಹೆಣ್ಣುಮಕ್ಕಳು ತಂತಮ್ಮ ಮನೆಗೆಂದು ದೂರದಿಂದ ಹೊತ್ತಿಟ್ಟ ನೀರಿನಲ್ಲಿ ಒಂದೊಂದು ಕೊಡ ತಂದು ಬಾಣಂತಿಯ ಹಂಡೆಗೆ ಸುರಿದು ಹೋಗುತ್ತಿದ್ದರು. ಈ ನೀರಿಗೆ ಇಲಾಖೆಯ ಅನುಮತಿ ಇರುವುದಿಲ್ಲ. “ಏನು ಬರದಾರಲೇ ಇದರಾಗ?” ಎಂದು ಗ್ಯಾನಮ್ಮ ಕೇಳಿದ್ದು, “ನಿಮ್ಮನಿಗೆ ನೀರು ಬಂದೈತಂತಬೇ,” ಎಂದು ಯಂಕೋಬ ಹೇಳಿದ್ದು ಇರುತ್ತದೆ. ಗ್ಯಾನಮ್ಮ ಸುತ್ತೋಲೆಯನ್ನು ಎರಡು ಮಡಿಕೆ ಮಾಡಿ, ಹಂಡೆಯ ಕೆಳಗೆ ಒಲೆಗೆ ತುರುಕಿ, ಕಡ್ಡಿ ಗೀರಿದರು. ಚೆನ್ನಾಗಿ ಹೊತ್ತಿದೆ.