ಅವ್ವನ ‘ಸದ್ಯ’ಕ್ಕೆ ನನ್ನ ವಿರೋಧ

ವಾದ ಮಾಡಲು ಕಲಿತವನಿಗೆ ಮನೆಯಲ್ಲಿ ಮರ್ಯಾದೆ ಇರುವುದಿಲ್ಲ ಎಂಬುದನ್ನು ನಾನು ಸ್ವಾನುಭವದಿಂದ ಹೇಳಬಲ್ಲೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೈಸೂರಿನವರನ್ನೂ ಮಂಡ್ಯದವರನ್ನೂ ಮಣಿಸಿ ಗೆದ್ದು ತಂದ ಕಪ್ಪುಗಳು ನಮ್ಮ ಮನೆಯಲ್ಲಿವೆ. ಒಂದರಲ್ಲಿ ಅವ್ವ ಹುಣಸೆಹಣ್ಣು ಹಾಕಿಟ್ಟಿದ್ದಾಳೆ. ದೇವರಿದ್ದಾನೆ ಎನ್ನುವವರ ಬೆವರನ್ನು ವೇದಿಕೆಯ ಮೇಲೆ ಇಳಿಸಿದ ನನಗೆ ತೆರಕಣಾಂಬಿಯ ನಮ್ಮ ಅಡುಗೆಮನೆಯಲ್ಲಿ ಇದುವರೆಗೆ ಒಂದು ಗೆಲುವೂ ದಕ್ಕಿಲ್ಲ. ಯಾಕೆಂದರೆ ಅವ್ವ ವಾದವನ್ನೇ ಮಾಡುವುದಿಲ್ಲ. ಅವಳ ಹತ್ತಿರ ಇರುವುದು ಒಂದೇ ಮಾತು: ‘ಸದ್ಯ.’ ಹಾಲು ಉಕ್ಕಿ ಹೋದರೆ, ‘ಸದ್ಯ, ಕಾಪಿಗೆ ಆಗೋಷ್ಟು ಉಳೀತು’. ಅಪ್ಪ ಬೈಕಿನಿಂದ ಬಿದ್ದು ಕೈ ಮುರಿದುಕೊಂಡು ಬಂದರೆ, ‘ಸದ್ಯ, ಎಡಗೈ’. ಅಷ್ಟು ಹೇಳಿ ಗೋಡೆಯ ಮೇಲಿನ ಮಾದಪ್ಪನ ಪಟಕ್ಕೆ ಒಂದು ಕೈಮುಗಿದರೆ ಅವಳ ಮಟ್ಟಿಗೆ ಪ್ರಕರಣ ಮುಗಿಯಿತು.

ನಾನು ಬಿಡುತ್ತೇನೆಯೇ? ‘ಬಲಗೈ ಉಳಿಸ್ದೋನಿಗೆ ಎಡಗೈ ಉಳಿಸೋಕೆ ಏನವ್ವ ಕಷ್ಟ ಇತ್ತು?’ ಎಂದೆ. ಅವ್ವ ರಾಗಿಮುದ್ದೆ ತಿರುವುತ್ತಲೇ, ‘ಎಲ್ಲಾನೂ ಅವ್ನೇ ನೋಡ್ಕಂಡ್ರೆ ನಿಮ್ಮಪ್ಪ ರಸ್ತೆ ನೋಡೋದು ಯಾವಾಗ್ಲಾ?’ ಎಂದಳು. ತರ್ಕದೋಷಗಳಿಗೆಲ್ಲ ಒಂದೊಂದು ಹೆಸರಿರುತ್ತದೆ. ಈ ಉತ್ತರದ ದೋಷಕ್ಕೆ ಏನು ಹೆಸರೆಂದು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಆದರೆ ನಾನು ಹೇಳಹೊರಟಿದ್ದು ಅಕ್ಕನ ಹೆರಿಗೆಯ ದಿನದ ಸಂಗತಿ. ಅಕ್ಕ ಹೆರಿಗೆಗೆಂದು ತವರಿಗೆ ಬಂದಿದ್ದಳು. ಹಿಂದಿನ ಸಲ ಮಗು ಉಳಿದಿರಲಿಲ್ಲ. ಆ ವಿಷಯವನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ, ಆದರೆ ಅಕ್ಕ ಕೆಮ್ಮಿದರೂ ನಾವೆಲ್ಲ ಎದ್ದು ನಿಲ್ಲುತ್ತಿದ್ದೆವು. ವೈದ್ಯರು ಕೊಟ್ಟ ದಿನಕ್ಕೆ ಇನ್ನೂ ಸಮಯವಿರುವಾಗಲೇ ಒಂದು ಮಧ್ಯಾಹ್ನ, ಊಟ ಮುಗಿಸಿ ತಟ್ಟೆ ಎತ್ತುವಷ್ಟರಲ್ಲಿ, ನೋವು ಶುರುವಾಯಿತು. ಭಾವ ಕೆಲಸದ ಮೇಲೆ ಕೇರಳದ ಕಡೆ ಹೋಗಿದ್ದರು. ಪಕ್ಕದ ಮನೆಯ ರಾಜಣ್ಣ ಮಾರ್ಕೆಟ್ಟಿಗೆ ಟೊಮ್ಯಾಟೊ ಸಾಗಿಸುವ ತನ್ನ ವ್ಯಾನನ್ನೇ ಬಾಗಿಲಿಗೆ ತಂದು ನಿಲ್ಲಿಸಿದ. ಅಪ್ಪನನ್ನು ದನಗಳ ಜೊತೆ ಬಿಟ್ಟು ಚಾಮರಾಜನಗರದ ಆಸ್ಪತ್ರೆಗೆ ಹೊರಟೆವು.

‘ಸದ್ಯ, ರಾಜಣ್ಣ ಮನೇಲೇ ಇದ್ದ’ ಎಂದಳು ಅವ್ವ.

‘ಅವ್ನ ಮನೇಲಿ ಅವ್ನಿರ್ದೆ ಇನ್ಯಾರವ್ವ ಇರ್ತಾರೆ?’ ಎಂದೆ.

ಸ್ವಲ್ಪ ದೂರ ಹೋಗುವಷ್ಟರಲ್ಲಿ ವ್ಯಾನಿನ ಹಿಂದಿನ ಟೈರು ಪಂಕ್ಚರ್. ‘ಸದ್ಯ, ಮರದ ನೆಳ್ಳಲ್ಲೇ ನಿಂತದೆ.’ ನನಗೆ ರೇಗಿತು. ಪಂಕ್ಚರ್ ಮಾಡಿ ನೆರಳು ಕೊಡುವ ಬದಲು ಪಂಕ್ಚರ್ ಮಾಡದೇ ಇರಬಹುದಿತ್ತಲ್ಲ ಎಂದು ಸೀಟಿನ ತುದಿಯಲ್ಲಿ ಕುಳಿತು ಮಂಡಿಸತೊಡಗಿದೆ. ಅಷ್ಟರಲ್ಲಿ ಅಕ್ಕ ಹಲ್ಲುಕಚ್ಚಿ ನನ್ನ ಮುಂಗೈ ಹಿಡಿದಳು. ಮೂಳೆ ಮುರಿಯುವಂತೆ ಹಿಡಿದಳು. ನಾನು ಬಾಯಿ ಮುಚ್ಚಿದೆ.

‘ಯಾಕ್ಲಾ ನಿಲ್ಸ್ದೆ? ಮಾತಾಡ್ರಿ ಇಬ್ರೂವೆ. ನೀವು ಕಿತ್ತಾಡ್ತಿದ್ರೆ ನೋವು ಒಸಿ ಮರ್ತೋಯ್ತದೆ’ ಎಂದಳು ಅಕ್ಕ.

ಟೈರಿನ ಪಕ್ಕದಿಂದ ರಾಜಣ್ಣನ ದನಿ ಬಂತು: ‘ಮಾದಪ್ಪನ್ನ ಆಮೇಲ್ ಇಡ್ಕಳಿ, ಮೊದ್ಲು ಯಾರಾರ ಈ ಜಾಕು ಇಡ್ಕಬನ್ನಿ.’

ನಾನು ಇಳಿದೆ, ಅವ್ವನೂ ಇಳಿದಳು. ನನ್ನ ನಾಲಿಗೆಯ ತುದಿಯಲ್ಲಿ ಒಂದು ಪ್ರಶ್ನೆ ಬಂದು ಕುಳಿತಿತ್ತು. ಹಿಂದಿನ ಸಲ ಎಲ್ಲಿ ಹೋಗಿದ್ದ ನಿನ್ನ ಮಾದಪ್ಪ? ವೇದಿಕೆಯ ಮೇಲಾಗಿದ್ದರೆ ಇದೊಂದೇ ಮಾತಿಗೆ ಚಪ್ಪಾಳೆ ಬೀಳುತ್ತಿತ್ತು. ನುಂಗಿಕೊಂಡೆ. ಅವ್ವ ನನ್ನ ಮುಖ ನೋಡಿದಳು. ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ, ‘ನೀ ಏನ್ ಕೇಳ್ಬೇಕು ಅಂತಿದ್ದಿ ನಂಗೊತ್ತು ಕಣ್ಲಾ’ ಎಂದಳು. ‘ಅದ ನಾನೂ ಅವನ್ನ ದಿನಾ ಕೇಳ್ತೀನಿ. ಇನ್ನೂ ಯೋಳಿಲ್ಲ ಅವ್ನು. ಯೋಳೋಗಂಟ ನಾನು ನಿಂತ್ಕಂಡಿರ್ಬೇಕಲ್ಲ. ಅದ್ಕೆ ಕಣ್ಣಿಗೆ ಕಾಣೋ ಒಂದೊಂದೇ ಒಳ್ಳೇದ ಇಡ್ಕಂಡು ನಿಂತಿವ್ನಿ.’

ನಾನು ಜಾಕು ಹಿಡಿದೆ.

ಆಸ್ಪತ್ರೆಯಲ್ಲಿ ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಹೊರಬಂದು, ಮಗುವಿನ ಎದೆಬಡಿತ ಇಳಿಯುತ್ತಿದೆ, ಈಗಲೇ ಆಪರೇಷನ್ ಮಾಡಬೇಕು ಎಂದರು. ಬಾಗಿಲು ಮುಚ್ಚಿತು. ಅವ್ವ ಬೆಂಚಿನ ಮೇಲೆ ಕುಳಿತಳು. ನಾನು ಅವಳ ಪದಕ್ಕಾಗಿ ಕಾದೆ. ಬರಲಿಲ್ಲ. ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕುಳಿತೇ ಇದ್ದಳು. ಜೀವಮಾನವಿಡೀ ಯಾವ ಪದವನ್ನು ನಾನು ಲೇವಡಿ ಮಾಡಿದ್ದೆನೋ ಅದು ಆ ಬಾಯಿಂದ ಬರದೇ ಹೋದಾಗ, ನನ್ನ ಕಾಲ ಕೆಳಗಿನ ನೆಲವನ್ನು ಯಾರೋ ಚಾಪೆಯಂತೆ ಸುತ್ತಿಕೊಂಡು ಹೋದ ಹಾಗಾಯಿತು.

ಚರ್ಚಾಸ್ಪರ್ಧೆಯಲ್ಲಿ ಒಂದು ಅಭ್ಯಾಸ ಮಾಡಿಸುತ್ತಾರೆ. ಚೀಟಿ ಎತ್ತಿದಾಗ ‘ಪರ’ ಬಂದರೆ, ನಂಬಿಕೆ ಇರಲಿ ಬಿಡಲಿ, ಪರವಾಗಿ ಮಾತಾಡಲೇಬೇಕು. ನಾನು ಚೀಟಿಯಿಲ್ಲದೆಯೇ ಎದ್ದು ನಿಂತೆ. ‘ಅವ್ವ, ಸದ್ಯ, ಡಾಕ್ಟ್ರು ಇಲ್ಲೇ ಇದ್ರು ನೋಡು’ ಎಂದೆ.

‘ಡಾಕ್ಟ್ರು ಆಸ್ಪತ್ರೇಲಿ ಇರ್ದೆ ಇನ್ನೆಲ್ಲಿದ್ದಾರು?’ ಎಂದಳು ಅವ್ವ.

ಅದು ನನ್ನದೇ ಸಾಲು. ನಾನು ಬಿಡಲಿಲ್ಲ. ‘ಸದ್ಯ, ಎದೆಬಡಿತ ಇಳಿದದ್ದು ಬೇಗ ಗೊತ್ತಾಯ್ತು.’

‘ಮಿಷನ್ನು ಯೋಳ್ತು. ಮಾದಪ್ಪ ಬಂದು ಯೋಳ್ದ್ನಾ?’

‘ಮಿಷನ್ನು ಕೆಟ್ಟಿರಲಿಲ್ಲವಲ್ಲ. ಸ್ಟೆಪ್ನೀಲಿ ಗಾಳಿ ಇತ್ತಲ್ಲ. ರೈಲ್ವೆ ಗೇಟು ಬಿದ್ದಿದ್ರೆ ಏನ್ ಮಾಡ್ತಿದ್ದೆ?’ ನನ್ನ ದನಿ ಏರುತ್ತಿತ್ತು. ಕೈಗಳು ತಮ್ಮಷ್ಟಕ್ಕೆ ತಾವೇ ವೇದಿಕೆಯ ಭಂಗಿಗೆ ಬಂದಿದ್ದವು. ನೋವು ಹಗಲಲ್ಲೇ ಬಂದದ್ದು, ಅಕ್ಕನ ಹಿಡಿತದಲ್ಲಿ ನನ್ನ ಕೈ ನೋಯುವಷ್ಟು ಬಲ ಉಳಿದಿದ್ದದ್ದು, ಯಾವುದನ್ನೂ ಬಿಡದೆ ಒಂದರ ಮೇಲೊಂದು ಹೇರಿದೆ. ಅವ್ವ ಒಂದೊಂದನ್ನೂ ಕತ್ತರಿಸಿ ಬಿಸಾಡಿದಳು. ಇಷ್ಟು ವರ್ಷ ನಾನು ಆಡಿದ್ದನ್ನೆಲ್ಲ ಈಕೆ ಕಿವಿಗೊಟ್ಟು ಕೇಳಿದ್ದಳೆಂದು ನನಗೆ ಗೊತ್ತಾದದ್ದೇ ಅಲ್ಲಿ. ಹಾಗೆ ವಾದಿಸುತ್ತಾ ವಾದಿಸುತ್ತಾ ಅವಳ ಮುಖಕ್ಕೆ ರಕ್ತ ಮರಳಿತು. ಕಾರಿಡಾರಿನಲ್ಲಿದ್ದವರೆಲ್ಲ ಇತ್ತ ತಿರುಗಿ ಕುಳಿತರು.

ಬಾಗಿಲು ತೆರೆಯಿತು. ‘ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ’ ಎಂದರು ನರ್ಸಮ್ಮ. ಒಳಗಿನಿಂದ ಅಳು ಕೇಳಿಸಿತು. ತಕರಾರು ತೆಗೆಯುವ ಅಳು, ಖಂಡಿತ ನಮ್ಮ ಮನೆತನದ್ದೇ. ಅವ್ವ ಎದ್ದು ಕಣ್ಣೊರೆಸಿಕೊಂಡು, ‘ಏನ್ ಮಾತಾಡ್ದಲಾ ನೀನು, ಮಾದಪ್ಪನೂ ನಂಬ್ಬುಟ್ಟಿರ್ಬೇಕು’ ಎಂದು ಒಳಗೆ ನುಗ್ಗಿದಳು.

ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ನರ್ಸಮ್ಮನಿಗೆ ಕೈಮುಗಿದೆ. ಡಾಕ್ಟರು ಹೊರಬಂದಾಗ ಅವರಿಗೂ ಮುಗಿದೆ. ವ್ಯಾನಿನ ಹತ್ತಿರ ಓಡಿ ರಾಜಣ್ಣನನ್ನು ತಬ್ಬಿದೆ. ಟೊಮ್ಯಾಟೊ ವಾಸನೆಯ ಶರಟಿನೊಳಗಿಂದ ಅವನು, ‘ಬುಡ್ಲಾ, ಉಸ್ರು ಕಟ್ತದೆ’ ಎಂದ. ವಾಚ್‌ಮನ್ನಿಗೂ ವಂದಿಸಿದೆ, ಅವರು ಏನೂ ಮಾಡಿರಲಿಲ್ಲ. ಸಲ್ಲಿಸಬೇಕಾದವರಿಗೆಲ್ಲ ಕೃತಜ್ಞತೆ ಸಲ್ಲಿಸಿದ ಮೇಲೂ ಎದೆಯಲ್ಲಿ ಅದು ಇನ್ನೂ ಬೇಕಾದಷ್ಟು ಉಳಿದಿತ್ತು. ಉಳಿದದ್ದನ್ನು ಯಾರಿಗೆ ತಲುಪಿಸಬೇಕೆಂಬ ಬಗ್ಗೆ ನನ್ನ ನಿಲುವನ್ನು ಸದ್ಯಕ್ಕೆ ಕಾಯ್ದಿರಿಸಿದ್ದೇನೆ.

ಕಾರಿಡಾರಿಗೆ ಮರಳಿದಾಗ ಭೀಮನಬೀಡಿನ ಕಡೆಯ ವಯಸ್ಸಾದ ರೈತರೊಬ್ಬರು ಎದ್ದು ನಿಂತು ಕೈಜೋಡಿಸಿದರು. ‘ಬುದ್ಧಿ, ತಾವು ಮಠದೋರಾ? ಆವಾಗ್ಲಿಂದ ಕೇಳ್ತಿದ್ದೆ. ನನ್ ಸೊಸೆನೂ ಒಳಗವ್ಳೆ. ನಮ್ಗೂ ಒಸಿ ಯೋಳಿ.’

ನಾನು ವಿರೋಧ ಪಕ್ಷದವನು ಎಂದು ಸ್ಪಷ್ಟಪಡಿಸಲು ಬಾಯಿ ತೆರೆದೆ. ಅವರ ಕೈ ಹೆಗಲ ಟವೆಲನ್ನು ಹಿಂಡುತ್ತಿತ್ತು. ಪಕ್ಕದಲ್ಲಿ ಕುಳಿತೆ.

‘ಸೊಸೇನ ಯಾವುದ್ರಲ್ಲಿ ಕರ್ಕಂಡ್ ಬಂದ್ರಿ?’

‘ಬಸ್ಸಲ್ಲಿ, ಬುದ್ಧಿ.’

‘ಸೀಟು ಸಿಕ್ತಾ?’

‘ಕಂಡಕ್ಟ್ರೇ ಎದ್ದು ಕೊಟ್ರು.’

‘ಹಂಗಾದ್ರೆ ಅಲ್ಲಿಂದ್ಲೇ ಶುರು ಮಾಡನ’ ಎಂದೆ.